ಹೇನಿನ ಕೋಣೆಯ ಒಡತಿ

ಹನ್ನೊಂದು ವರ್ಷ ಹೇನು ಸಾಕಿದ ಹೆಂಗಸನ್ನು ಜನ ಹೇನಕ್ಕ ಅನ್ನದೆ ಇನ್ನೇನೆಂದು ಕರೆಯಬೇಕು? ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ, ಬೆನ್ನ ಹಿಂದೆ ಅವಳಿಗೆ ಬೇರೆ ಹೆಸರೇ ಇರಲಿಲ್ಲ. ಅದು ಅವಳ ಕಿವಿಗೂ ಬಿದ್ದಿತ್ತು. ಕರೆದವರ ಮುಖಗಳನ್ನು ಒಂದೊಂದಾಗಿ ನೆನಪಿಟ್ಟುಕೊಂಡಿದ್ದಳು.

ತಲೆಯ ಹೇನಲ್ಲ, ಗಿಡದ ಹೇನು. ಅಲಸಂದೆ, ಅವರೆ, ಬಟಾಣಿಯ ಎಳೆ ಕುಡಿಗೆ ಮುತ್ತಿಕೊಂಡು ರಸ ಹೀರುವ, ಎಳ್ಳಿನ ಕಾಳಿನಷ್ಟು ದೊಡ್ಡ ಕರಿ ಜೀವ. ಬೆಳೆಗಾರರು ಅದನ್ನು ಕಂಡರೆ ಹಲ್ಲು ಕಡಿಯುತ್ತಾರೆ. ಊರ ಹೊರಗಿನ ಆ ಉದ್ದನೆಯ ತಗಡು ಮಾಡಿನ ಕಟ್ಟಡದಲ್ಲಿ ಮಾತ್ರ ಅದಕ್ಕೆ ರಾಜೋಪಚಾರ. ಆ ಕಂಪನಿ ಮಾರುತ್ತಿದ್ದದ್ದು ಹೇನು ತಿನ್ನುವ ಹುಳಗಳನ್ನು. ತಿನ್ನುವವರನ್ನು ಸಾಕಬೇಕಾದರೆ ತಿನ್ನಿಸಿಕೊಳ್ಳುವವರನ್ನೂ ಸಾಕಬೇಕಲ್ಲ. ಆ ಕೆಲಸ ಹೇನಕ್ಕನದು. ತಟ್ಟೆ ತಟ್ಟೆಯಲ್ಲಿ ಅಲಸಂದೆ ಸಸಿ ಬೆಳೆಸುವುದು, ಸಸಿಗೆ ಹೇನು ಹತ್ತಿಸುವುದು, ಮೈತುಂಬ ಕಪ್ಪಾದ ಮೇಲೆ ಒಂಟೆಕೂದಲಿನ ಕುಂಚದಿಂದ ಸವರಿ ಡಬ್ಬಿಗೆ ಇಳಿಸುವುದು, ಗೋಡೆಯ ಕಿಂಡಿಯಿಂದ ಪಕ್ಕದ ಕೋಣೆಗೆ ದಾಟಿಸುವುದು. ಅವಳ ಹೇನುಗಳೆಲ್ಲ ಒಂದೇ ತಾಯಿಯ ಸಂತಾನ. ಗಂಡಿನ ಹಂಗಿಲ್ಲದೆ ಹೆರುವ ಜಾತಿ ಅದು. ಹನ್ನೊಂದು ವರ್ಷದಲ್ಲಿ ಆ ವಂಶ ಒಂದು ದಿನವೂ ಕಡಿದಿರಲಿಲ್ಲ, ಇದು ಅವಳ ದೊಡ್ಡಸ್ತಿಕೆ. ಹೆಮ್ಮೆ ಪಡಲು ಬೇರೇನೂ ಇಲ್ಲದವರು ಇದ್ದದ್ದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ.

ಪಕ್ಕದ ಕೋಣೆ ತಿನ್ನುವವರದು. ಕೆಂಪು ಬೆನ್ನಿನ ಮೇಲೆ ಕರಿ ಚುಕ್ಕೆಯ ಗುಲಗಂಜಿ ಹುಳಗಳು ಅಲ್ಲಿದ್ದವು. ಜಾಳಿಗೆಯಂಥ ಹಸಿರು ರೆಕ್ಕೆಯ ಕೀಟವೂ ಇತ್ತು. ರೆಕ್ಕೆ ಬಂದ ಮೇಲೆ ಅದು ಸಾಧು. ಮರಿಯಾಗಿದ್ದಾಗ ಮಾತ್ರ ಮುಖದ ಮುಂದೆ ಎರಡು ಕುಡುಗೋಲು ಇಟ್ಟುಕೊಂಡು ಸಿಕ್ಕಿದ್ದನ್ನೆಲ್ಲ ಚುಚ್ಚಿ ಹೀರುತ್ತದೆ, ಏನೂ ಸಿಗದಿದ್ದರೆ ಒಡಹುಟ್ಟಿದವರನ್ನೂ ಬಿಡುವುದಿಲ್ಲ. ಕೆಲಸದವರು ಆ ಮರಿಗಳಿಗೆ ಇಕ್ಕಳ ಅಂತ ಹೆಸರಿಟ್ಟಿದ್ದರು. ಒಂದೊಂದು ಇಕ್ಕಳಕ್ಕೂ ಒಂದೊಂದು ಗುಳಿ ಇರುವ ತಟ್ಟೆ, ಮೇಲೆ ತೆಳು ಬಟ್ಟೆಯ ಮುಚ್ಚಳ. ಒಮ್ಮೆ ಜೇಡಗಳನ್ನೂ ಸಾಕಿ ಮಾರೋಣ ಅಂತ ನಲವತ್ತನ್ನು ಒಂದೇ ಗಾಜಿನ ಪೆಟ್ಟಿಗೆಯಲ್ಲಿ ಬಿಟ್ಟಿದ್ದರು. ವಾರ ಕಳೆದ ಮೇಲೆ ನೋಡಿದರೆ ಒಂದೇ ಒಂದು ಜೇಡ, ಭಾರೀ ಹೊಟ್ಟೆ ಬಿಟ್ಟುಕೊಂಡು ಕೂತಿತ್ತು. ಆ ವ್ಯಾಪಾರ ಅಲ್ಲಿಗೇ ನಿಂತಿತು.

ಈ ತಿನ್ನುವವರ ಕೋಣೆಯ ಒಡತಿ ಹೇನಕ್ಕನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ. ಅವಳಿಗೆ ಈ ಕೆಲಸ ಕೊಡಿಸಿದವಳು ಹೇನಕ್ಕನೇ. ಕುಂಚ ಹಿಡಿಯುವುದನ್ನು ಕಲಿಸಿದವಳೂ ಅವಳೇ. ಎರಡು ವರ್ಷ ಕಳೆಯುವುದರೊಳಗೆ ಕಿರಿಯವಳು ಬಿಳಿ ಕೋಟು ತೊಟ್ಟು ಪಕ್ಕದ ಕೋಣೆಗೆ ಹೋದಳು. ನೋಡಲು ಬಂದವರು ಗುಲಗಂಜಿ ಹುಳದ ಫೋಟೊ ತೆಗೆಯುತ್ತಿದ್ದರು, ಪಕ್ಕದಲ್ಲಿ ನಿಲ್ಲಿಸಿ ಅವಳದೂ ತೆಗೆಯುತ್ತಿದ್ದರು. ಹೇನಿನ ಫೋಟೊ ಯಾರು ತೆಗೆಯುತ್ತಾರೆ? ಹಾವಿಗೆ ಹಾಲೆರೆದೆ ಅಂತ ಹೇನಕ್ಕ ಅಂದಿನಿಂದ ಹೇಳುತ್ತ ಬಂದಳು, ಹೇಳುವುದನ್ನು ಓರಗಿತ್ತಿಗೆ ಕೇಳುವ ಹಾಗೆಯೇ ಹೇಳಿದಳು. ಅವಳೇನು ಕಡಿಮೆಯೇ? ಕಿಂಡಿಯಿಂದ ಬಂದ ಡಬ್ಬಿಯನ್ನು ಪ್ರತಿದಿನ ಕೈಯಲ್ಲಿ ತೂಗಿ ನೋಡಿ, "ಇವತ್ತೂ ಅರ್ಧ ಹೊಟ್ಟೆನೇ," ಅಂತ ಗೋಡೆಗೆ ಹೇಳುತ್ತಿದ್ದಳು. ಒಂದೇ ಮನೆಯ ಕೆಳಗೊಬ್ಬಳು, ಮೇಲೊಬ್ಬಳು. ಅಣ್ಣತಮ್ಮಂದಿರಿಬ್ಬರು ಮೆಟ್ಟಿಲ ಮೇಲೆ ಕೂತು ನಗುನಗುತ್ತ ಇಸ್ಪೀಟಾಡುತ್ತಿದ್ದರು. ಹೆಂಡಿರು ಅದೇ ಮೆಟ್ಟಿಲು ಹತ್ತಿ ಇಳಿಯುವಾಗ ಒಬ್ಬರ ಗಾಳಿ ಒಬ್ಬರಿಗೆ ತಾಕದ ಹಾಗೆ ಗೋಡೆಗೆ ಒತ್ತಿಕೊಳ್ಳುತ್ತಿದ್ದರು.

ಇಷ್ಟು ಸಾಲದೆಂಬಂತೆ ಎರಡೂ ಕೋಣೆಗಳಿಗೆ ಮೇಲ್ವಿಚಾರಕರಾಗಿದ್ದ ಹಳೇ ಮೇಷ್ಟ್ರು ನಿವೃತ್ತರಾದರು. ಮ್ಯಾನೇಜರ್ ಇಬ್ಬರನ್ನೂ ಕರೆಸಿದ. ಆತ ಮೊದಲು ಹಾಸಿಗೆ ಮಾರುತ್ತಿದ್ದವನು, ಹುಳ ಅಂದರೆ ಅವನಿಗೆ ತಿಗಣೆಯೊಂದೇ ಗೊತ್ತು. "ನಿಮ್ಮಿಬ್ರಲ್ಲಿ ಒಬ್ರು ಮೇಲ್ವಿಚಾರಕಿ. ತಿಂಗಳ ಕೊನೆಗೆ ಹೇಳ್ತೀನಿ. ಇನ್ನೊಬ್ರು ಅವರ ಕೈ ಕೆಳಗೆ," ಅಂದ. ಇಬ್ಬರೂ ತಲೆಯಾಡಿಸಿದರು. ಓರಗಿತ್ತಿಯ ಕೈ ಕೆಳಗೆ ಕೆಲಸ ಮಾಡುವುದಕ್ಕಿಂತ ಬಾವಿ ವಾಸಿ ಅಂತ ಹೇನಕ್ಕ ಮನಸ್ಸಿನಲ್ಲೇ ಅಂದುಕೊಂಡಳು. ಆ ಕುರ್ಚಿ ತನ್ನದಾಗದಿದ್ದರೆ ಈ ಹನ್ನೊಂದು ವರ್ಷಕ್ಕೆ ಅರ್ಥವೇ ಇಲ್ಲ ಅನ್ನುವುದು ಅವಳಿಗೆ ಗಟ್ಟಿಯಾಯಿತು.

ಆ ಕಟ್ಟಡದಲ್ಲಿ ಒಂದು ಕಟ್ಟಳೆ ಇತ್ತು. ಹೇನಿನ ಕೋಣೆಯಿಂದ ಹುಳದ ಕೋಣೆಗೆ ಹೋಗಬಹುದು, ಹುಳದ ಕೋಣೆಗೆ ಕಾಲಿಟ್ಟವರು ಆ ದಿನ ಹೇನಿನ ಕೋಣೆಯತ್ತ ಸುಳಿಯುವಂತಿಲ್ಲ. ಬಟ್ಟೆಯ ಮಡಿಕೆಯಲ್ಲಿ ಒಂದೇ ಒಂದು ತಿನ್ನುವ ಮರಿ ದಾಟಿದರೂ ಸಾಕು, ಹೇನಿನ ತಟ್ಟೆಗಳು ಬರಿದು. ಹೊರಗಿನ ಸೊಪ್ಪು, ಹೂವು, ಮಣ್ಣು ಯಾವುದೂ ಒಳಗೆ ಬರುವಂತಿಲ್ಲ ಅನ್ನುವುದು ಅದರ ಎರಡನೆಯ ಸಾಲು. ಮೊದಲನೆಯ ಸಾಲನ್ನು ಹೇನಕ್ಕ ಯಾರಿಗಾದರೂ ಓದಿ ಹೇಳುತ್ತಲೇ ಇದ್ದಳು. ಎರಡನೆಯ ಸಾಲಿನಲ್ಲೇ ಅವಳು ಎಡವಿದ್ದು.

ಆ ತಿಂಗಳ ಬೀಜದ ಚೀಲ ಕೆಟ್ಟದ್ದು ಬಂತು. ಹತ್ತು ಕಾಳು ಹಾಕಿದರೆ ಮೂರು ಮೊಳೆತವು, ಅದರಲ್ಲಿ ಎರಡು ಬುಡದಲ್ಲಿ ಕೊಳೆತವು. ಹೇನುಗಳಿಗೆ ಮೇವು ಸಾಲದಾಯಿತು. ಮ್ಯಾನೇಜರ್‌ಗೆ ಹೇಳಿದರೆ ತನ್ನ ಕೋಣೆ ಸೋತಿತೆಂದು ಹೇಳಿದ ಹಾಗೆ, ಅದೂ ಕುರ್ಚಿಯ ತೀರ್ಮಾನ ಆಗುವ ತಿಂಗಳಲ್ಲಿ. ಮನೆಯ ಹಿತ್ತಲಿನಲ್ಲಿ ಅವಳದೇ ಅಲಸಂದೆ ಬಳ್ಳಿ ಇತ್ತು. ಬೆಳಗಿನ ಹೊತ್ತು ಕುಡಿ ಕತ್ತರಿಸಿ, ನೀರಲ್ಲಿ ಮೂರು ಸಲ ಅದ್ದಿ ಕೊಡವಿ, ಊಟದ ಡಬ್ಬಿಯಲ್ಲಿ ಮುಚ್ಚಿ ತಂದಳು. ಸುಮಾರು ಎರಡು ವಾರ ಹೀಗೇ ನಡೆಯಿತು. ಬೇರೆ ಯಾರಾದರೂ ಒಂದು ಎಲೆ ತಂದಿದ್ದರೆ ಅವರ ಚರ್ಮ ಸುಲಿಯುತ್ತಿದ್ದವಳು ತನಗೆ ಮಾತ್ರ ವಿನಾಯಿತಿ ಕೊಟ್ಟುಕೊಂಡಳು. ಕಣ್ಣಿಟ್ಟು ನೋಡಿದ್ದೀನಲ್ಲ, ಇನ್ನೇನು ಅಂತ ಅವಳ ಸಮಾಧಾನ.

ಹೇನು ಕಡಿಮೆಯಾಗತೊಡಗಿತು. ಮೊದಲು ಕಿಟಕಿಯ ಪಕ್ಕದ ತಟ್ಟೆಗಳು, ಆಮೇಲೆ ನಡುವಿನವು. ಕಪ್ಪಗೆ ಮುತ್ತಿಕೊಂಡಿರಬೇಕಾದ ಕಾಂಡಗಳು ಬೋಳಾಗಿದ್ದವು, ಎಲೆಯ ಮೇಲೆ ಹೀರಿ ಬಿಸಾಡಿದ ಸುಕ್ಕು ಸಿಪ್ಪೆಗಳು, ಟಾರಿನಂಥ ಅಂಟು ಹನಿಗಳು. ಯಾರೋ ತಿನ್ನುತ್ತಿದ್ದಾರೆ. ಹೇನಕ್ಕ ಭೂತಗನ್ನಡಿ ಹಿಡಿದು ಎಲೆ ಎಲೆ ಹುಡುಕಿದಳು. ಆರು ಕಾಲಿನ, ಕುಡುಗೋಲು ಬಾಯಿಯ ಕಳ್ಳನಿಗಾಗಿ ಹುಡುಕಿದಳು, ಸಿಗಲಿಲ್ಲ. ಕಳ್ಳ ಸಿಗದಿದ್ದರೇನು, ಕಳ್ಳನನ್ನು ಕಳಿಸಿದವಳು ಯಾರೆಂದು ಅವಳಿಗೆ ಮೊದಲೇ ಗೊತ್ತಿತ್ತು. ಹಿಂದಿನ ವಾರ ಓರಗಿತ್ತಿ ಹೇನಿನ ಕೋಣೆಯ ಬಾಗಿಲು ತೆರೆದು, ಹೊಸಿಲ ಮೇಲೆ ನಿಂತು, ಡಬ್ಬಿ ಯಾಕೆ ಬಂದಿಲ್ಲ ಅಂತ ಕೇಳಿ ಹೋಗಿದ್ದಳು. ಅಷ್ಟು ಸಾಕಾಯಿತು.

ಮ್ಯಾನೇಜರನ ಮೇಜಿನ ಮೇಲೆ ಹೇನಕ್ಕ ಎರಡು ತಟ್ಟೆ ತಂದಿಟ್ಟಳು, ಒಂದು ತುಂಬಿದ್ದು, ಒಂದು ಬೋಳು.

"ನನ್ನ ಕೋಣೆ ಹಾಳಾದ್ರೆ ಯಾರಿಗೆ ಲಾಭ, ನೀವೇ ಲೆಕ್ಕ ಹಾಕಿ. ಹುಳದ ಕೋಣೆ ಬಟ್ಟೆಯಲ್ಲೇ ಬಂದು ಹೊಸಿಲ ಮೇಲೆ ನಿಂತಿದ್ಲು. ಕೇಳಿ ಬೇಕಾದ್ರೆ."

"ನಿಂತಿದ್ದೆ," ಅಂದಳು ಓರಗಿತ್ತಿ. "ಒಳಗೆ ಬಂದಿಲ್ಲ. ನನ್ನ ಕೋಣೆ ಹುಳ ಅಲ್ಲಿದೆ ಅನ್ನೋದಾದ್ರೆ ಒಂದಾದ್ರೂ ತೋರ್ಸಕ್ಕ. ಹೇನು ಸತ್ತಿದ್ದಕ್ಕೆಲ್ಲ ನಾನೇ ಯಮ ಅಂದ್ರೆ ಹೇಗೆ."

"ನಿನ್ನ ಹೊಟ್ಟೆಕಿಚ್ಚಿಗೆ ಹುಳ ಬೇರೆ ಬೇಕಾ? ನೀನು ನಿಂತು ನೋಡಿದ್ರೇ ಸಾಕು, ಹಸಿ ಗಿಡ ಒಣಗುತ್ತೆ."

"ಆ ಶಕ್ತಿ ನನಗಿದ್ದಿದ್ರೆ ಹೇನು ಯಾಕಕ್ಕ, ಮೊದಲು ಒಣಗ್ತಿದ್ದವರು ಬೇರೆ ಇದ್ರು."

ಮ್ಯಾನೇಜರ್‌ಗೆ ಎರಡು ತಟ್ಟೆಗಳ ನಡುವಿನ ವ್ಯತ್ಯಾಸ ಕಂಡಿತೇ ಹೊರತು ಕಾರಣ ಕಾಣಲಿಲ್ಲ. ಗದ್ದಲ ನಿಂತರೆ ಸಾಕಾಗಿತ್ತು ಅವನಿಗೆ. ತಪ್ಪು ಯಾರದೆಂದು ತಿಳಿಯುವವರೆಗೆ ಓರಗಿತ್ತಿ ಹಿಂದಿನ ಅಂಗಳದಲ್ಲಿ ತಟ್ಟೆ ತೊಳೆಯಲಿ, ಎರಡೂ ಕೋಣೆಯ ಬೀಗದಕೈ ಹೇನಕ್ಕನ ಬಳಿ ಇರಲಿ ಅಂದ. ಅಂದು ಮಂಗಳವಾರ. ಓರಗಿತ್ತಿ ಬಿಳಿ ಕೋಟು ಕಳಚಿ ಕುರ್ಚಿಯ ಬೆನ್ನಿಗೆ ಹಾಕಿದಳು, ಬೀಗದಕೈಯನ್ನು ಹೇನಕ್ಕನ ಕೈಗೆ ಕೊಡದೆ ನೆಲದ ಮೇಲಿಟ್ಟು ಹೋದಳು. ಹೇನಕ್ಕ ಬಗ್ಗಿ ಎತ್ತಿಕೊಂಡಳು. ಬಗ್ಗುವಾಗ ಸೊಂಟ ನೋಯಲಿಲ್ಲ, ಅಷ್ಟು ಸಂತೋಷವಾಗಿತ್ತು.

ಸಂತೋಷ ವಾರದೊಳಗೆ ಹುಳಿ ಹಿಡಿಯಿತು. ಬೆಳಗ್ಗೆ ಹೇನಿನ ಕೋಣೆ, ಮಧ್ಯಾಹ್ನ ಹುಳದ ಕೋಣೆ, ಕಟ್ಟಳೆಯ ಪ್ರಕಾರ ಸರಿಯಾಗಿ ನಡೆಸಿದಳು. ಹೊಸ ಬೀಜ ಬಂದು ಸಸಿಯೂ ಚೆನ್ನಾಗಿ ಎದ್ದಿತು. ಹೇನು ಮಾತ್ರ ಏರಲಿಲ್ಲ. ದಿನಕ್ಕೆ ಎರಡು ತಟ್ಟೆ ಬೋಳಾಗುತ್ತಿದ್ದವು. ಡಬ್ಬಿ ತುಂಬದೆ ಅತ್ತ ಇಕ್ಕಳಗಳು ಹಸಿದವು. ಮುಂದಿನ ವಾರ ಬೆಳೆಗಾರರಿಗೆ ಕಳಿಸಬೇಕಾದ ಪೆಟ್ಟಿಗೆಗಳಿಗೆ ಹುಳ ಸಾಲುವ ಹಾಗಿರಲಿಲ್ಲ. ಮ್ಯಾನೇಜರ್ ಬಾಗಿಲ ಬಳಿ ನಿಂತು ಕೇಳಿದ.

"ಅವರನ್ನ ಆಚೆ ಹಾಕಿ ವಾರದ ಮೇಲಾಯ್ತು. ಇನ್ನೂ ಯಾಕೆ ಕಡಿಮೆ ಆಗ್ತಿದೆ?"

"ಬಿಟ್ಟು ಹೋಗಿರೋದು ಇನ್ನೂ ಒಳಗೇ ಇದೆ," ಅಂದಳು ಹೇನಕ್ಕ.

"ಹಾಗಾದ್ರೆ ತೋರ್ಸಿ. ಶನಿವಾರ ಬರ್ತೀನಿ."

ಶುಕ್ರವಾರ ಬೆಳಕು ಹರಿಯುವ ಹೊತ್ತಿಗೇ ಬಂದು ಅವಳು ಹುಡುಕಲು ಕೂತಳು. ತಂಪು ಹೊತ್ತಿನಲ್ಲಿ ಎಲೆಯ ಅಡಿಯಿಂದ ಒಂದು ಹೊರಬಂತು. ಹಸಿರು ಬಣ್ಣ, ಗೊಣ್ಣೆಯ ಹಾಗೆ ಮೆತ್ತಗೆ, ಮುಂದೆ ಚೂಪು, ಹಿಂದೆ ದಪ್ಪ. ಕಾಲೇ ಇರಲಿಲ್ಲ, ಕಣ್ಣೂ ಇರಲಿಲ್ಲ. ಕುರುಡನ ಹಾಗೆ ಅತ್ತಿತ್ತ ಮೂತಿ ಆಡಿಸಿ, ಒಂದು ಹೇನಿಗೆ ತಾಕಿದ್ದೇ ಚುಚ್ಚಿ ಮೇಲಕ್ಕೆತ್ತಿ, ಗಾಳಿಯಲ್ಲೇ ಹಿಡಿದು ಹೀರಿ ಸಿಪ್ಪೆ ಎಸೆಯಿತು. ಹೇನಕ್ಕ ಭೂತಗನ್ನಡಿಯನ್ನು ಇನ್ನೂ ಹತ್ತಿರ ಹಿಡಿದಳು. ಅದು ಗುಲಗಂಜಿಯ ಮರಿಯಲ್ಲ, ಇಕ್ಕಳವೂ ಅಲ್ಲ. ಜೇನ್ನೊಣದ ಹಾಗೆ ಹಳದಿ ಪಟ್ಟೆ ಉಟ್ಟು, ಹಿತ್ತಲ ಬಳ್ಳಿಗಳ ಮುಂದೆ ಗಾಳಿಯಲ್ಲಿ ನಿಂತಲ್ಲೇ ನಿಲ್ಲುತ್ತದಲ್ಲ, ಆ ತೇಲುನೊಣದ ಮರಿ. ಆ ನೊಣವನ್ನು ಈ ಕಟ್ಟಡದಲ್ಲಿ ಯಾರೂ ಸಾಕುವುದಿಲ್ಲ. ಹೇನಿರುವ ಕುಡಿ ಹುಡುಕಿ ಅದು ಒಂದೊಂದೇ ಬಿಳಿ ಮೊಟ್ಟೆ ಅಂಟಿಸುತ್ತದೆ. ಮೂರು ಸಲವಲ್ಲ, ಮೂವತ್ತು ಸಲ ಅದ್ದಿದರೂ ಅದು ಕಳಚುವುದಿಲ್ಲ.

ಊಟದ ಡಬ್ಬಿ ಎದುರಿಗೇ ಇತ್ತು. ಹೇನಕ್ಕ ಅದನ್ನು ನೋಡಲಿಲ್ಲ.

ಸೂಜಿ ತೆಗೆದುಕೊಂಡು ಒಂದೊಂದಾಗಿ ಚುಚ್ಚಿದಳು. ಇಪ್ಪತ್ತು, ಮೂವತ್ತು. ಬಿಸಿಲು ಏರಿದಂತೆ ಉಳಿದವು ಬುಡದ ಮಣ್ಣಿಗೆ ಸೇರಿಕೊಂಡವು. ನೂರೆಂಟು ತಟ್ಟೆ ಒಬ್ಬಳಿಂದ ಆಗುವ ಕೆಲಸವಲ್ಲ. ಇನ್ನೊಂದು ಜೊತೆ ನುರಿತ ಕಣ್ಣು ಇದ್ದರೆ ಎರಡು ದಿನದಲ್ಲಿ ವಂಶ ಉಳಿಸಬಹುದಿತ್ತು. ಅಂಥ ಕಣ್ಣು ಕಟ್ಟಡದಲ್ಲಿ ಒಂದೇ ಇತ್ತು, ಹಿಂದಿನ ಅಂಗಳದಲ್ಲಿ ತಟ್ಟೆ ತೊಳೆಯುತ್ತಿತ್ತು. ಆ ಕಣ್ಣು ಈ ಮರಿಯನ್ನು ನೋಡಿದರೆ ಮುಗಿಯಿತು, ಅದು ಎಲ್ಲಿಂದ ಬಂತೆಂದು ಹೇಳಿಕೊಡಬೇಕಾಗಿರಲಿಲ್ಲ.

ಆದರೂ ಹೇನಕ್ಕ ಅಂಗಳದವರೆಗೆ ಹೋದಳು ಅನ್ನುವುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಹನ್ನೊಂದು ವರ್ಷದ ವಂಶ ಅವಳ ಕಾಲನ್ನು ಅಲ್ಲಿಯವರೆಗೆ ಎಳೆದು ತಂದಿತ್ತು. ಓರಗಿತ್ತಿ ಸೋಪಿನ ನೊರೆಯಲ್ಲಿ ಮೊಣಕೈವರೆಗೆ ಕೈ ಮುಳುಗಿಸಿ ಬ್ರಷ್ ಉಜ್ಜುತ್ತಿದ್ದಳು. ತಲೆ ಎತ್ತಲಿಲ್ಲ.

"ಏನಕ್ಕ, ನಾನು ಇಲ್ಲಿದ್ದೀನಿ, ನಿನ್ನ ಹೇನು ಅಲ್ಲಿ ಕರಗ್ತಾನೇ ಇದೆಯಂತೆ. ಈಗ ಯಾರ ಕಣ್ಣು ಬಿತ್ತು?"

ಹೇನಕ್ಕ ಬೀಗದಕೈಗಳನ್ನು ಸೆರಗಿನೊಳಗೆ ಸೇರಿಸಿದಳು. ಓರಗಿತ್ತಿ ಬ್ರಷ್ ನಿಲ್ಲಿಸಲಿಲ್ಲ.

"ಇನ್ನೊಂದು ವಾರ ಹೀಗೇ ನಡೀಲಿ. ಕುರ್ಚಿ ನಾನು ಕೇಳೋದೇ ಬೇಡ, ಅವರೇ ಹೊತ್ಕೊಂಡು ಬಂದು ಈ ತೊಳೆಯೋ ಕಲ್ಲಿನ ಪಕ್ಕದಲ್ಲಿ ಹಾಕ್ತಾರೆ. ನಿನಗೆ ಬ್ರಷ್ ನಾನೇ ಆರಿಸಿ ಇಡ್ತೀನಿ, ಮೆತ್ತಗಿರೋದು. ವಯಸ್ಸಾಯ್ತಲ್ಲ."

ಹೇನಕ್ಕನ ಮೈಯೆಲ್ಲ ಉರಿಯಿತು. ತಿರುಗಿ ನಡೆದಳು. ನಡೆಯುತ್ತಲೇ ಲೆಕ್ಕ ಹಾಕಿದಳು. ಓರಗಿತ್ತಿ ಆಚೆಯಿದ್ದರೂ ಹೇನು ಕರಗುತ್ತಿರುವುದೇ ಅವಳು ತಪ್ಪಿತಸ್ಥಳಲ್ಲ ಅನ್ನುವುದಕ್ಕೆ ಸಾಕ್ಷಿ. ಅದನ್ನು ಮುರಿಯಬೇಕು. ನಾಳೆ ಮ್ಯಾನೇಜರ್ ಬಂದಾಗ ಹೇನಿನ ತಟ್ಟೆಯಲ್ಲಿ ಇಕ್ಕಳ ಇರಬೇಕು. ಹೇಗೂ ಇಕ್ಕಳ ಎದುರಿಗೆ ಸಿಕ್ಕ ತೇಲುನೊಣದ ಮರಿಯನ್ನೂ ತಿಂದು ಹಾಕುತ್ತದೆ, ವಂಶ ಉಳಿಯಲೆಂದು ನಾಲ್ಕು ತಟ್ಟೆ ಹೇನನ್ನು ಬೇರೆ ಮುಚ್ಚಿಟ್ಟರಾಯಿತು. ತನ್ನ ಮೂಗು ಹೋದರೂ ಸರಿ, ನೆರೆಮನೆಯವಳಿಗೆ ಅಪಶಕುನವಾಗಲಿ ಅನ್ನುವವರು ಕಥೆಯಲ್ಲಿ ಮಾತ್ರ ಇರುತ್ತಾರೆ ಅಂದುಕೊಳ್ಳಬೇಡಿ.

ಹುಳದ ಕೋಣೆಗೆ ಹೋಗಿ ಇಕ್ಕಳಗಳನ್ನು ಆರಿಸಿದಳು. ಅಲ್ಲೂ ಕೈಗುಣ ಬಿಡಲಿಲ್ಲ. ತೀರಾ ಎಳೆಯವು ಕುಂಚ ತಾಕಿದರೆ ಸಾಯುತ್ತವೆ, ಬಲಿತವು ಗೂಡು ಕಟ್ಟುವ ಹವಣಿಕೆಯಲ್ಲಿ ತಿನ್ನುವುದೇ ಇಲ್ಲ. ಸೋಮವಾರ ಮೊಟ್ಟೆಯೊಡೆದು ಈಗ ಹಸಿದು ಕುದಿಯುತ್ತಿದ್ದ ನಡುವಿನವನ್ನೇ ಆರಿಸಿ ಇನ್ನೂರನ್ನು ಡಬ್ಬಿಗೆ ಇಳಿಸಿದಳು. ಆಮೇಲೆ ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಆ ಕೋಣೆಯಿಂದ ಈ ಕೋಣೆಗೆ ನಡೆದು ಬಂದಳು. ಬಾಗಿಲಲ್ಲಿ ಒಂದು ಕ್ಷಣ ಕಾಲು ತಡೆಯಿತು. ಹೆತ್ತ ಕೂಸಿನ ಬಾಯಿಗೆ ತಾನೇ ವಿಷ ಹಾಕುವ ಹಾಗೆ ಡಬ್ಬಿ ಬೋರಲು ಹಾಕಿದಳು. ಅಳು ಬಂತು. ಅದಕ್ಕೂ ಓರಗಿತ್ತಿಯನ್ನೇ ಶಪಿಸಿದಳು.

ಶನಿವಾರ ಮ್ಯಾನೇಜರ್ ಬಂದ. ಇಷ್ಟಕ್ಕೇ ಬಿಟ್ಟಿದ್ದರೆ ಅವಳು ಗೆಲ್ಲುತ್ತಿದ್ದಳು. ಎಲೆಯ ಮೇಲೆ ಓಡಾಡುತ್ತಿದ್ದ ಇಕ್ಕಳಗಳನ್ನು ತೋರಿಸಿದರೆ ಸಾಕು, ಆತ ನಂಬುತ್ತಿದ್ದ. ಹೇನಕ್ಕನಿಗೆ ಅಷ್ಟು ಸಾಲಲಿಲ್ಲ. ಓರಗಿತ್ತಿಯ ಮುಖ ಬಾಡುವುದನ್ನು ಕಣ್ಣಾರೆ ನೋಡದಿದ್ದರೆ ಗೆದ್ದೇನು ಬಂತು?

"ಅವಳನ್ನೂ ಕರೆಸಿ," ಅಂದಳು. "ಒಂದಾದ್ರೂ ತೋರ್ಸು ಅಂದಿದ್ಲಲ್ಲ. ನೋಡ್ಲಿ."

ಓರಗಿತ್ತಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಹೊಸಿಲ ಆಚೆಯೇ ನಿಂತಳು. ಒಳಗೆ ಬಾ ಅಂತ ಮ್ಯಾನೇಜರ್ ಹೇಳಿದ ಮೇಲೆ ಬಂದಳು. ಇಕ್ಕಳಗಳನ್ನು ಕಂಡಾಗ ನಿಜವಾಗಿಯೂ ಅವಳ ಮುಖ ಬಿಳಿಚಿಕೊಂಡಿತು, ಹೇನಕ್ಕ ಅದನ್ನು ಹಬ್ಬದೂಟದ ಹಾಗೆ ಉಂಡಳು.

"ನಿನ್ನ ಮಕ್ಕಳೇ ತಾನೇ?"

ಓರಗಿತ್ತಿ ತಟ್ಟೆಯ ಹತ್ತಿರ ಬಂದಳು. ಭೂತಗನ್ನಡಿ ತೆಗೆದುಕೊಂಡು ಬಗ್ಗಿದಳು. ಒಂದು ಎಲೆ ನೋಡಿದಳು, ಇನ್ನೊಂದು ತಟ್ಟೆಗೆ ಹೋದಳು, ಮೂರನೆಯದಕ್ಕೆ ಹೋದಳು. ಬಹಳ ಹೊತ್ತು ನೋಡಿದಳು. ನೆಟ್ಟಗೆ ನಿಂತಾಗ ಮುಖದ ಬಣ್ಣ ತಿರುಗಿ ಬಂದಿತ್ತು.

"ನನ್ನ ಕೋಣೆಯವೇ," ಅಂದಳು ಮ್ಯಾನೇಜರ್‌ಗೆ. "ನಾನು ಬೀಗದಕೈ ಕೊಟ್ಟು ಇವತ್ತಿಗೆ ಹನ್ನೊಂದು ದಿನ ಆಯ್ತಾ?"

"ಮಂಗಳವಾರ ಕೊಟ್ರಿ. ಹೌದು, ಹನ್ನೊಂದು ದಿನ."

"ನಾನು ಬಿಟ್ಟು ಹೋಗಿದ್ದಿದ್ರೆ ಇಷ್ಟೊತ್ತಿಗೆ ಬಲಿತು ಗೂಡು ಕಟ್ಟಿರಬೇಕಿತ್ತು. ಒಂದೂ ಗೂಡಿಲ್ಲ, ಒಂದೂ ಬಲಿತಿದ್ದಿಲ್ಲ. ಎಲ್ಲ ಒಂದೇ ಅಳತೆ, ಒಂದೇ ದಿನ ಹುಟ್ಟಿದ್ದು. ಇವು ಮೊಟ್ಟೆಯೊಡೆದು ನಾಲ್ಕೇ ದಿನ ಆಗಿರೋದು. ಮೊಟ್ಟೆ ಇಟ್ಟಾಗಲೂ ಬೀಗದಕೈ ನನ್ನ ಹತ್ರ ಇರಲಿಲ್ಲ."

ಮ್ಯಾನೇಜರ್ ಬಗ್ಗಿ ನೋಡಿದ. ಅವನಿಗೆ ಕಂಡದ್ದು ಹುಳ, ಅಷ್ಟೆ. ನಾಲ್ಕು ದಿನದ್ದೋ ನಲವತ್ತು ದಿನದ್ದೋ ಅವನೇನು ಬಲ್ಲ? ಹಳೇ ಮೇಷ್ಟ್ರು ಇದ್ದಿದ್ದರೆ ಹೇಳುತ್ತಿದ್ದರು. ಅವನು ಭೂತಗನ್ನಡಿಯನ್ನು ಹೇನಕ್ಕನತ್ತ ಚಾಚಿದ.

"ಇದರಲ್ಲಿ ನಿಮಗಿಂತ ಗೊತ್ತಿರೋರು ಇಲ್ಲಿ ಯಾರೂ ಇಲ್ಲ. ನಿಮ್ಮ ಮಾತೇ ಕೊನೆ. ನೀವೇ ನೋಡಿ ಹೇಳಿ, ಎಷ್ಟು ದಿನದ್ದು?"

ಹನ್ನೊಂದು ವರ್ಷದಲ್ಲಿ ಆ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಅದೂ ಓರಗಿತ್ತಿಯ ಎದುರಿಗೆ. ಹೇನಕ್ಕ ಕನ್ನಡಿ ಹಿಡಿದು ಬಗ್ಗಿದಳು. ಹನ್ನೆರಡು ಅಂದರೆ ಮುಗಿಯುತ್ತಿತ್ತು. ಹತ್ತು ಅಂದರೂ ಮುಗಿಯುತ್ತಿತ್ತು, ಗೂಡು ಕಟ್ಟಲು ತಡವಾಗಿದೆ ಅಂದರೆ ಆತ ತಲೆಯಾಡಿಸುತ್ತಿದ್ದ. ಕುರ್ಚಿ ಅವಳದು, ಕೋಣೆ ಅವಳದು, ಓರಗಿತ್ತಿಗೆ ಬಾಳೆಲ್ಲ ಸೋಪಿನ ನೊರೆ. ಬಾಯಿ ತೆರೆದಳು.

ಕನ್ನಡಿಯ ಆಚೆ ಓರಗಿತ್ತಿ ಎರಡೂ ಕೈ ಕಟ್ಟಿಕೊಂಡು ನಿಂತಿದ್ದಳು. ತುಟಿಯ ತುದಿಯಲ್ಲಿ ಸಣ್ಣ ನಗೆ ಇತ್ತು, ತಾನು ಹೇಳಿದ್ದೇ ಸರಿ ಅನ್ನುವ ನಗೆ. ಹುಳದ ವಯಸ್ಸು ಇವಳಿಗೆ ಗೊತ್ತಂತೆ. ಎರಡು ದಿನ ಬಿಳಿ ಕೋಟು ಹಾಕಿಕೊಂಡವಳಿಗೆ.

"ನಾಲ್ಕಲ್ಲ," ಅಂದಳು ಹೇನಕ್ಕ. "ಐದು. ಸೋಮವಾರ ಬೆಳಗ್ಗೆ ಹುಟ್ಟಿದ್ದು. ಕಣ್ಣಿಟ್ಟು ನೋಡೋದನ್ನ ಕಲಿ ಮೊದಲು."